ಚೆಂಡು ಬಾರದ ಕಡೆ ನಿಂತವನ ಲೆಕ್ಕ

ಕಂಪ್ಯೂಟರ್ ಆಡಿಸುವ ಫುಟ್‌ಬಾಲ್ ಲೀಗ್‌ಗಳಲ್ಲಿ ಹಾಲ್ ಆಫ್ ಫೇಮ್, ಅಂದರೆ ಸಾರ್ವಕಾಲಿಕ ಶ್ರೇಷ್ಠರ ಗೌರವಪಟ್ಟಿಯ ಮತದಾನ ಹತ್ತಿರ ಬಂದಾಗಲೆಲ್ಲ ಅದೇ ಕಥೆ. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯ ಅರ್ಧ ದಿನದಲ್ಲಿ ಮುಗಿಯುತ್ತದೆ. ಇಷ್ಟು ಗಜ ಎಸೆದಿದ್ದಾನೆ, ಇಷ್ಟು ಟಚ್‌ಡೌನ್, ಇಷ್ಟು ಪ್ರಶಸ್ತಿ, ಸರಿ ಒಳಗೆ ಬಾ. ರಕ್ಷಣೆಯ ಆಟಗಾರರ ಸರದಿ ಬಂದ ಕೂಡಲೇ ವಾರಗಟ್ಟಲೆ ಜಗಳ. ಒಬ್ಬನಿಗೆ ಟ್ಯಾಕಲ್ ಹೆಚ್ಚು, ಇನ್ನೊಬ್ಬನಿಗೆ ಸ್ಯಾಕ್ ಹೆಚ್ಚು. ಮೂರನೆಯವನಿಗೆ ಎರಡೂ ಕಡಿಮೆ, ಆದರೆ ಅವನು ಇದ್ದಷ್ಟು ಕಾಲ ಅವನ ತಂಡದ ಎದುರು ಅಂಕ ಗಳಿಸುವುದೇ ಕಷ್ಟವಾಗಿತ್ತು. ಯಾರು ದೊಡ್ಡವರು? ಈ ಪ್ರಶ್ನೆಗೆ ಈಗ ಎಷ್ಟು ಎಳೆಗಳು ಸುತ್ತಿಕೊಂಡಿವೆ ಎಂದರೆ, ಹೊಸದಾಗಿ ಸೇರಿದವರಿಗೆ ತುದಿ ಸಿಗುವುದಿಲ್ಲ. ಹಾಗಾಗಿ ಮೊದಲಿನಿಂದ ಹೇಳುವುದು ಒಳ್ಳೆಯದು.

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕದವರ ಫುಟ್‌ಬಾಲ್, ಹೆಲ್ಮೆಟ್ ತೊಟ್ಟು ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಟ್ಯಾಕಲ್ ಎಂದರೆ ಚೆಂಡು ಹಿಡಿದವನನ್ನು ಕೆಡವುವುದು. ಸ್ಯಾಕ್ ಎಂದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುವ ಮೊದಲೇ ಅವನನ್ನು ಆಟ ಶುರುವಾದ ಗೆರೆಯ ಹಿಂದೆಯೇ ಕೆಡವುವುದು. ಇಂಟರ್‌ಸೆಪ್ಷನ್ ಎಂದರೆ ಅವನು ಎಸೆದ ಚೆಂಡನ್ನು ಎದುರಾಳಿಯೇ ಹಿಡಿಯುವುದು. ಈ ಮೂರರ ಮೇಲೆಯೇ ರಕ್ಷಣೆಯವರ ಇಡೀ ವೃತ್ತಿಜೀವನದ ಲೆಕ್ಕ ನಿಂತಿದೆ, ಮತ್ತು ಮೂರೂ ಸ್ವಲ್ಪ ಸ್ವಲ್ಪ ಓಲಾಡುತ್ತವೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 1920ರಲ್ಲಿ ಶುರುವಾಯಿತು. ಅಲ್ಲಿಂದ ಅರವತ್ತು ವರ್ಷ ಅದರ ಅಧಿಕೃತ ಪುಸ್ತಕ ಚೆಂಡು ಹಿಡಿದವರ ಪುಸ್ತಕವಾಗಿಯೇ ಇತ್ತು. ಕ್ವಾರ್ಟರ್‌ಬ್ಯಾಕ್ ಎಷ್ಟು ಗಜ ಹಿಂದಕ್ಕೆ ಬಿದ್ದ ಎಂಬುದನ್ನು ಬರೆಯುತ್ತಿದ್ದರೇ ಹೊರತು ಬೀಳಿಸಿದವನ ಹೆಸರಿಗೆ ಅಧಿಕೃತ ಲೆಕ್ಕ ಇರಲಿಲ್ಲ. ಸ್ಯಾಕ್ ಎಂಬ ಪದವನ್ನು ಚಾಲ್ತಿಗೆ ತಂದವನೆಂದು ಹೆಸರಾದ ಡೀಕನ್ ಜೋನ್ಸ್ 1961ರಿಂದ 1974ರವರೆಗೆ ಆಡಿ ನಿವೃತ್ತನಾದ. ಸ್ಯಾಕ್ ಅಧಿಕೃತ ಅಂಕಿಯಾದದ್ದು 1982ರಲ್ಲಿ. ಪದ ಕೊಟ್ಟವನ ಖಾತೆಯಲ್ಲಿ ಆ ಪದದ ಲೆಕ್ಕವೇ ಇಲ್ಲ! ಆ 1982ರ ಋತುವೂ ಆಟಗಾರರ ಮುಷ್ಕರದಿಂದ 9 ಪಂದ್ಯಗಳಿಗೆ ಮೊಟಕಾಯಿತು. ಲಾರೆನ್ಸ್ ಟೇಲರ್ 1981ರಲ್ಲಿ ಆಡಲು ಬಂದ ಕಾರಣ ಅವನ ಮೊದಲ ವರ್ಷದ ಒಂಬತ್ತೂವರೆ ಸ್ಯಾಕ್ ಲೆಕ್ಕದ ಹೊರಗೆ ಉಳಿದವು. ಅಧಿಕೃತವಾಗಿ ಅವನದು 132.5, ನಿಜವಾಗಿ 142. ಅರ್ಧ ಎಲ್ಲಿಂದ ಬಂತು ಎಂದು ಕೇಳುವವರಿಗೆ: ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಮೂರನೆಯವನು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಇಬ್ಬರನ್ನು ತನ್ನ ಮೇಲೆ ಎಳೆದುಕೊಂಡು ದಾರಿ ಬಿಡಿಸಿಕೊಟ್ಟಿದ್ದರೆ ಅವನಿಗೆ ಸೊನ್ನೆ.

2021ರಲ್ಲಿ ಪ್ರೊ ಫುಟ್‌ಬಾಲ್ ರೆಫರೆನ್ಸ್ ಎಂಬ ಅಂಕಿಅಂಶ ತಾಣ 1960ರಿಂದ 1981ರವರೆಗಿನ ಸ್ಯಾಕ್‌ಗಳನ್ನು ಪ್ರಕಟಿಸಿತು. ಜಾನ್ ಟರ್ನಿ ಮತ್ತು ನಿಕ್ ವೆಬ್‌ಸ್ಟರ್ ಎಂಬ ಸಂಶೋಧಕರು ವರ್ಷಗಟ್ಟಲೆ ಹಳೆಯ ಪಂದ್ಯಗಳ ದಾಖಲೆ ಕೆದಕಿ ಒಟ್ಟುಮಾಡಿದ್ದ ಲೆಕ್ಕ ಅದು. ಜೋನ್ಸ್‌ಗೆ 173.5 ಬಂತು. ಅಧಿಕೃತ ಪಟ್ಟಿಯಲ್ಲಿ ಕಾಣಿಸದವನು ಈ ಪಟ್ಟಿಯಲ್ಲಿ 200ರ ಬ್ರೂಸ್ ಸ್ಮಿತ್ ಮತ್ತು 198ರ ರೆಗಿ ವೈಟ್ ಅವರ ಬೆನ್ನಿಗೇ ಬಂದು ನಿಂತ. ಆದರೂ ಅದು ಅನಧಿಕೃತ ಎಂಬ ಅಡಿಟಿಪ್ಪಣಿ ಉಳಿದುಕೊಂಡಿದೆ.

ಸ್ಮಿತ್ ಮತ್ತು ವೈಟ್ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು. ಮುಂದೆ ಕಂಪ್ಯೂಟರ್ ಲೀಗ್‌ಗಳಲ್ಲಿ ಆದ ಗಲಾಟೆಗಳೆಲ್ಲ ಇದರ ಮರಿಗಳೇ. ಸ್ಮಿತ್ 279 ಪಂದ್ಯ ಆಡಿದ, ವೈಟ್ 232. ಪಂದ್ಯಕ್ಕೆ ಸರಾಸರಿ ತೆಗೆದರೆ ಸ್ಮಿತ್‌ಗೆ 0.72, ವೈಟ್‌ಗೆ 0.85. ಸಾಲದ್ದಕ್ಕೆ ವೈಟ್ ಮೊದಲು ಯುಎಸ್‌ಎಫ್‌ಎಲ್ ಎಂಬ ಬೇರೆ ಲೀಗ್‌ನಲ್ಲಿ ಎರಡು ವರ್ಷ ಆಡಿ ಗಳಿಸಿದ 23.5 ಇಲ್ಲಿ ಸೇರಿಲ್ಲ. ಹಾಗಾದರೆ ಯಾರು ಮುಂದೆ? ಹತ್ತೊಂಬತ್ತು ಋತು ಆ ಪೆಟ್ಟು ತಿನ್ನುತ್ತಾ ನಿಲ್ಲುವುದೂ ಒಂದು ಸಾಮರ್ಥ್ಯವೇ ಎಂದು ಸ್ಮಿತ್ ಪರದವರು ಹೇಳುತ್ತಾರೆ. ಅದನ್ನು ತಳ್ಳಿಹಾಕುವಂತಿಲ್ಲ.

ಇಂಟರ್‌ಸೆಪ್ಷನ್ ಕಥೆ ಇನ್ನೊಂದು ಬಗೆಯದು. ಡಿಕ್ ಲೇನ್ 1952ರಲ್ಲಿ, ಆಡಲು ಬಂದ ಮೊದಲ ವರ್ಷವೇ, 12 ಪಂದ್ಯಗಳಲ್ಲಿ 14 ಚೆಂಡು ಹಿಡಿದ. ಇಂದಿನ 17 ಪಂದ್ಯಗಳ ಲೆಕ್ಕಕ್ಕೆ ಹಿಗ್ಗಿಸಿದರೆ ಸುಮಾರು 20. ಒಂದು ಋತುವಿನ ಆ ದಾಖಲೆ ಋತು 14, 16, 17 ಪಂದ್ಯಗಳಿಗೆ ಬೆಳೆದ ಮೇಲೂ ಉಳಿದಿದೆ. ಆಗಿನ ಕ್ವಾರ್ಟರ್‌ಬ್ಯಾಕ್‌ಗಳು ಚೆಂಡನ್ನು ದೂರಕ್ಕೆ, ಧಾರಾಳವಾಗಿ, ಕೆಲವೊಮ್ಮೆ ದೇವರ ಮೇಲೆ ಭಾರ ಹಾಕಿ ಎಸೆಯುತ್ತಿದ್ದರು. ಈಗಿನವರು ಹಾಗೆ ಎಸೆಯುವುದಿಲ್ಲ.

ಎಸೆಯದೇ ಇರುವುದಕ್ಕೆ ಅಂಕಿ ಇಲ್ಲ ಎಂಬುದೇ ದೊಡ್ಡ ತೊಡಕು. ನಾಮ್ಡಿ ಅಸೊಮುಆ 2006ರಲ್ಲಿ 8 ಇಂಟರ್‌ಸೆಪ್ಷನ್ ಮಾಡಿದ. ಮುಂದಿನ ಮೂರು ಋತುಗಳಲ್ಲಿ ವರ್ಷಕ್ಕೆ ಒಂದೇ ಒಂದು. ಅಂಕಿ ಮಾತ್ರ ನೋಡುವವರು ಕೈ ಬಿದ್ದುಹೋಯಿತು ಎನ್ನುತ್ತಾರೆ. ಆದದ್ದೇನೆಂದರೆ, ಅವನಿರುವ ಕಡೆಗೆ ಚೆಂಡು ಎಸೆಯುವುದನ್ನೇ ಎದುರಾಳಿಗಳು ಬಿಟ್ಟುಬಿಟ್ಟರು. ನಮ್ಮ ಕ್ರಿಕೆಟ್ ನೋಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಯಿಂಟ್‌ನಲ್ಲಿ ಜಾಂಟಿ ರೋಡ್ಸ್ ನಿಂತಿದ್ದಾಗ ಆ ಕಡೆ ಒಂಟಿ ರನ್ನಿಗೆ ಓಡಲು ಬ್ಯಾಟರ್‌ಗಳು ಎರಡು ಸಲ ಯೋಚಿಸುತ್ತಿದ್ದರು. ಓಡದ ರನ್ನುಗಳನ್ನು ಯಾವ ಸ್ಕೋರ್‌ಕಾರ್ಡ್ ಬರೆದಿದೆ?

ಟ್ಯಾಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುಕಾಲ ಅದು ಅಧಿಕೃತ ಅಂಕಿಯೇ ಆಗಿರಲಿಲ್ಲ, ಆಯಾ ತಂಡದವರು ಆಯಾ ರೀತಿ ಎಣಿಸಿಕೊಂಡರು. ಗುಂಪಾಗಿ ಬಿದ್ದಾಗ ನೆರವಿನ ಟ್ಯಾಕಲ್ ಯಾರಿಗೆ ಎಂಬುದು ಎಣಿಸುವವನ ಉದಾರತೆಗೆ ಬಿಟ್ಟದ್ದು. ಸ್ವಂತ ಊರಿನ ಎಣಿಕೆದಾರ ಸ್ವಲ್ಪ ಉದಾರಿಯಾಗಿರುತ್ತಾನೆ.

ಇಂಥ ಹಿನ್ನೆಲೆ ಇದ್ದುದರಿಂದಲೇ ನಿಜದ ಆಟವನ್ನು ಅನುಕರಿಸುವ ಅಣಕು ಆಟಗಳು ಬಂದಾಗ ಅಂಕಿಅಂಶದ ಹುಚ್ಚಿರುವವರಿಗೆ ಹೊಸ ಆಸೆ ಹುಟ್ಟಿತು. 1958ರ ಎಪಿಬಿಎ, 1968ರ ಸ್ಟ್ರಾಟ್-ಒ-ಮ್ಯಾಟಿಕ್ ಮೇಜಿನ ಮೇಲೆ ಕಾರ್ಡು, ದಾಳಗಳಿಂದ ಆಡುವಂಥವು. ಚೆಂಡು ಹಿಡಿಯುವವರ ಕಾರ್ಡಿನ ತುಂಬ ಸಾಲು ಸಾಲು ಫಲಿತಾಂಶ. ರಕ್ಷಣೆಯವನಿಗೆ ಅವನ ಗುಣಮಟ್ಟ ಹೇಳುವ ಸಣ್ಣ ಅಂಕೆ. ಅಲ್ಲಿಯೂ ಪಂಕ್ತಿಭೇದ. 1988ರಲ್ಲಿ ಜಾನ್ ಮ್ಯಾಡನ್ ಹೆಸರಿನ ವಿಡಿಯೋ ಗೇಮ್, ಹತ್ತು ವರ್ಷದ ನಂತರ ಅಕ್ಷರ ಮತ್ತು ಅಂಕಿಗಳಲ್ಲೇ ನಡೆಯುವ ಫ್ರಂಟ್ ಆಫೀಸ್ ಫುಟ್‌ಬಾಲ್ ಬಂದವು. ಇನ್ನು ಎಣಿಸುವವನು ಮನುಷ್ಯನಲ್ಲ, ಯಂತ್ರ. ಯಂತ್ರಕ್ಕೆ ಸ್ವಂತ ಊರಿಲ್ಲ. ಮೊದಲ ಪಂದ್ಯದ ಮೊದಲ ಟ್ಯಾಕಲ್‌ನಿಂದಲೇ ಎಲ್ಲವೂ ದಾಖಲು. ಜಗಳ ಮುಗಿಯಿತು ಎಂದುಕೊಂಡರು.

ಮುಗಿಯಲಿಲ್ಲ. ಮುಗಿಯದಿದ್ದುದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಆಟಗಾರನನ್ನು ಸದಸ್ಯರೇ ಹುಟ್ಟುಹಾಕುವ ಲೀಗ್‌ಗಳಲ್ಲಿ. 2017ರಲ್ಲಿ ನ್ಯಾಷನಲ್ ಸಿಮ್ಯುಲೇಷನ್ ಫುಟ್‌ಬಾಲ್ ಲೀಗ್ ಎಂದು ಶುರುವಾಗಿ ಮುಂದೆ ಇಂಟರ್‌ನ್ಯಾಷನಲ್ ಎಂದು ಹೆಸರು ಬದಲಿಸಿಕೊಂಡದ್ದು ಅಂಥದ್ದೊಂದು. ಕೆನಡಾದ ಉತ್ತರದ ಪುಟ್ಟ ಊರು ಯೆಲ್ಲೋನೈಫ್‌ಗೂ ಅಲ್ಲಿ ತಂಡವಿತ್ತು. ನಿಜವಾದ ವೃತ್ತಿಪರ ಲೀಗ್ ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. ಸದಸ್ಯನೊಬ್ಬ ಆಟಗಾರನಿಗೆ ಹೆಸರಿಡುತ್ತಾನೆ, ಸ್ಥಾನ ಆರಿಸುತ್ತಾನೆ, ವಾರವಾರ ಕೆಲಸಗಳನ್ನು ಮಾಡಿ ಅಂಕ ಗಳಿಸಿ ಅದನ್ನು ವೇಗ, ಬಲ, ಟ್ಯಾಕಲ್ ಕೌಶಲಗಳಿಗೆ ಹಂಚುತ್ತಾನೆ. ಪಂದ್ಯವನ್ನು ತಂತ್ರಾಂಶ ಆಡಿಸುತ್ತದೆ. ಕೆಲವು ಋತುಗಳಾದ ಮೇಲೆ ಆಟಗಾರನಿಗೆ ವಯಸ್ಸಾಗಿ ಅಂಕ ಕರಗತೊಡಗುತ್ತವೆ, ನಿವೃತ್ತಿ ಬರುತ್ತದೆ. ಸಾಕಿದ ಮಗುವಿನ ಅಂಕಪಟ್ಟಿ ಎಂಬಂತೆ ಮಾಲೀಕರು ಅವನ ಲೆಕ್ಕವನ್ನು ಕಾಪಾಡಿಕೊಳ್ಳುತ್ತಾರೆ. ವಾದದಲ್ಲಿ ಬಿಸಿ ಹೆಚ್ಚುವುದು ಇದಕ್ಕೇ.

ಇಂಥ ಲೀಗ್‌ನ ಮೊದಲ ಋತುಗಳನ್ನು ಯೋಚಿಸಿ. ಎಲ್ಲರೂ ಹೊಸಬರು, ಕ್ವಾರ್ಟರ್‌ಬ್ಯಾಕ್‌ಗಳು ಕೂಡ. ಅಂಕ ಕಡಿಮೆ ಇರುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಲ್ಲೆಂದರಲ್ಲಿ ಎಸೆಯುತ್ತಾನೆ, ಅವನನ್ನು ಕಾಯುವ ಸಾಲು ಸೊಪ್ಪಿನ ಬೇಲಿಯಂತಿರುತ್ತದೆ. ಆ ಕಾಲದಲ್ಲಿ ರಕ್ಷಣೆಯಲ್ಲಿದ್ದವರಿಗೆ ಸ್ಯಾಕ್, ಇಂಟರ್‌ಸೆಪ್ಷನ್ ಮಳೆಯಂತೆ ಸುರಿಯುತ್ತವೆ. ಹತ್ತು ಋತು ಕಳೆದು ಕ್ವಾರ್ಟರ್‌ಬ್ಯಾಕ್‌ಗಳು ಬಲಿತ ಮೇಲೆ ಬಂದವನು ಅಷ್ಟೇ ಒಳ್ಳೆಯವನಾದರೂ ಅರ್ಧ ಬೆಳೆ ತೆಗೆಯಬಹುದು. ಸಾರ್ವಕಾಲಿಕ ಪಟ್ಟಿಯ ಮೇಲ್ಭಾಗದಲ್ಲಿ ಹಿರಿಯರೇ ಕೂತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. 1952ರ ಲೇನ್‌ನ ಕಥೆಯೇ ಮತ್ತೆ, ಆದರೆ ಎಪ್ಪತ್ತು ವರ್ಷಗಳ ಬದಲು ಎರಡು ಮೂರು ವರ್ಷಗಳಲ್ಲಿ.

ಆಮೇಲೆ ತಂತ್ರಾಂಶದ ಆವೃತ್ತಿ ಬದಲಾಗುತ್ತದೆ. ಇದರ ಪರಿಣಾಮವನ್ನು ಹೊರಗಿನವರು ಅಂದಾಜು ಮಾಡುವುದು ಕಡಿಮೆ. ಕೆಲವು ತಂತ್ರಾಂಶಗಳು ಮೈದಾನದ ಮೇಲೆ ಇಪ್ಪತ್ತೆರಡು ಚುಕ್ಕೆಗಳನ್ನು ನಿಜಕ್ಕೂ ಓಡಿಸಿ, ಯಾರು ಯಾರನ್ನು ಮುಟ್ಟಿದರು ಎಂದು ನೋಡುತ್ತವೆ. ಕೆಲವು ಮೊದಲು ಫಲಿತಾಂಶ ತೆಗೆಯುತ್ತವೆ, ಏಳು ಗಜ ಓಟ ಎಂದು. ಬಳಿಕ ಆ ಟ್ಯಾಕಲ್ ಯಾರ ಹೆಸರಿಗೆ ಎಂದು ಒಂದು ಸೂತ್ರದ ಪ್ರಕಾರ ಹಂಚುತ್ತವೆ. ಎರಡನೆಯ ಬಗೆಯಲ್ಲಿ ಟ್ಯಾಕಲ್ ಎಂಬುದು ಮಾಡಿದ ಕೆಲಸವಲ್ಲ, ಹಂಚಿಕೆಯಾದ ಪ್ರಸಾದ. ಸೂತ್ರ ಬರೆದವರು ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವ ಮಧ್ಯದ ಲೈನ್‌ಬ್ಯಾಕರ್‌ಗೆ ಹೆಚ್ಚು ತೂಕ ಕೊಟ್ಟಿದ್ದರೆ ಆ ಸ್ಥಾನ ಆರಿಸಿಕೊಂಡವನು ಹುಟ್ಟುತ್ತಲೇ ಶ್ರೀಮಂತ. ಮುಂದಿನ ಆವೃತ್ತಿಯಲ್ಲಿ ಆ ತೂಕ ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿಗೆ ಹೋದರೆ, ಎರಡು ಆವೃತ್ತಿಗಳ ಲೈನ್‌ಬ್ಯಾಕರ್‌ಗಳನ್ನು ಒಂದೇ ಪಟ್ಟಿಯಲ್ಲಿ ಇಡುವುದು ಸೇರನ್ನೂ ಕಿಲೋವನ್ನೂ ಕೂಡಿಸಿದಂತೆ. ಇದು ಯಾರ ಮೋಸವೂ ಅಲ್ಲ. ಆಟ ನಿಜಕ್ಕೆ ಹತ್ತಿರವಾಗಲಿ ಎಂದೇ ಆವೃತ್ತಿ ಬದಲಿಸುತ್ತಾರೆ, ನಿಜಕ್ಕೆ ಹತ್ತಿರವಾಗುತ್ತಲೂ ಇರುತ್ತದೆ.

ಮ್ಯಾಡನ್ ಆಟದ ಲೀಗ್‌ಗಳಲ್ಲಿ ಇನ್ನೊಂದು ಎಡವಟ್ಟು. ಪಂದ್ಯದ ಕಾಲು ಭಾಗವಾದ ಹದಿನೈದು ನಿಮಿಷದ ಕ್ವಾರ್ಟರ್ ಆಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಐದಾರು ನಿಮಿಷಕ್ಕೆ ಇಳಿಸುತ್ತಾರೆ. ಕೈಯಲ್ಲಿ ಆಡಿದ ಪಂದ್ಯದ ಅಂಕಿಗಳೂ ಯಂತ್ರವೇ ಆಡಿಸಿ ಮುಗಿಸಿದ ಪಂದ್ಯದ ಅಂಕಿಗಳೂ ಒಂದೇ ಖಾತೆಗೆ ಬೀಳುತ್ತವೆ.

ಇಷ್ಟೆಲ್ಲ ಸರಿಪಡಿಸಿದರೂ ಉಳಿಯುವುದು ಅವಕಾಶದ ಪ್ರಶ್ನೆ. ಇಬ್ಬರು ಲೈನ್‌ಬ್ಯಾಕರ್‌ಗಳಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬನ ತಂಡಕ್ಕೆ ಚೆಂಡನ್ನು ತನ್ನ ಬಳಿ ಇಟ್ಟುಕೊಳ್ಳುವುದೇ ಗೊತ್ತಿಲ್ಲ. ಅವನ ರಕ್ಷಣೆ ಪಂದ್ಯಕ್ಕೆ 70 ಸಲ ಎದುರಾಳಿಯ ಓಟ, ಎಸೆತಗಳನ್ನು ತಡೆಯಬೇಕು. ಇನ್ನೊಬ್ಬನದು 55ರಲ್ಲಿ ಮುಗಿಯುತ್ತದೆ. 16 ಪಂದ್ಯಗಳ ಹತ್ತು ಋತುವಿಗೆ ಮೊದಲನೆಯವನಿಗೆ 11,200 ಅವಕಾಶ, ಎರಡನೆಯವನಿಗೆ 8,800. ಇಬ್ಬರೂ ಎಂಟರಲ್ಲಿ ಒಂದನ್ನು ಕೆಡವಿದರೂ ಒಬ್ಬನಿಗೆ 1,400 ಟ್ಯಾಕಲ್, ಇನ್ನೊಬ್ಬನಿಗೆ 1,100. ಕೌಶಲ ಒಂದೇ, ಅಂತರ ಮುನ್ನೂರು. ಸೋಜಿಗವೆಂದರೆ ಸ್ಯಾಕ್ ಇದಕ್ಕೆ ತಿರುಗುಮುರುಗು. ಗೆಲ್ಲುತ್ತಿರುವ ತಂಡದ ಎದುರು ಹಿಂದೆ ಬಿದ್ದವರು ಓಡುವುದನ್ನು ಬಿಟ್ಟು ಎಸೆಯಲೇಬೇಕಾಗುತ್ತದೆ, ಎಸೆಯಲು ನಿಂತಾಗಲೇ ಸ್ಯಾಕ್ ಸಿಗುವುದು. ಹಾಗಾಗಿ ಟ್ಯಾಕಲ್ ಪಟ್ಟಿ ಸೋಲುವ ತಂಡದವರತ್ತ ವಾಲುತ್ತದೆ, ಸ್ಯಾಕ್ ಪಟ್ಟಿ ಗೆಲ್ಲುವ ತಂಡದವರತ್ತ. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡುವ ಸೂತ್ರಗಳು ಆಗಾಗ ಹುಟ್ಟುತ್ತವೆ. ಸೂತ್ರ ಬರೆದವನ ಸ್ವಂತ ಆಟಗಾರ ಅದರಲ್ಲಿ ಮೊದಲ ಐದರೊಳಗೆ ಬರುವುದು ಕಾಕತಾಳೀಯ ಎಂದೇ ಭಾವಿಸೋಣ.

ಈಗ ಎರಡು ಗುಂಪುಗಳಿವೆ. ಒಟ್ಟು ಮೊತ್ತವೇ ಸತ್ಯ ಎನ್ನುವವರು ಒಂದು ಕಡೆ. ಅವನ ಕಾಲದ, ಅವನ ಸ್ಥಾನದ ಉಳಿದವರಿಗೆ ಹೋಲಿಸಿ ಅವನು ಎಷ್ಟು ಎತ್ತರ ಎಂದು ನೋಡಬೇಕು ಎನ್ನುವವರು ಇನ್ನೊಂದು ಕಡೆ. ಎರಡನೆಯ ದಾರಿ ಶ್ರಮದ್ದು, ಪ್ರತಿ ಋತುವಿನ ಸರಾಸರಿ ತೆಗೆಯಬೇಕು. ಮತದಾನಕ್ಕೆ ಎರಡು ದಿನ ಇರುವಾಗ ಅದನ್ನು ಯಾರೂ ಮಾಡುವುದಿಲ್ಲ, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ ಗುರುತು ಹಾಕುತ್ತಾರೆ. ಅಷ್ಟರಲ್ಲಿ ಚೆಂಡು ತನ್ನ ಕಡೆ ಬಾರದಂತೆ ನೋಡಿಕೊಂಡ ಕಾರ್ನರ್‌ಬ್ಯಾಕ್, ಅಂದರೆ ಬದಿಯಲ್ಲಿ ಚೆಂಡು ಹಿಡಿಯಲು ಓಡುವವರನ್ನು ಕಾಯುವವನು, ಇಪ್ಪತ್ತಮೂರನೆಯ ಸಾಲಿನಲ್ಲಿ ಉಳಿದಿರುತ್ತಾನೆ.

ಅವನನ್ನು ಹುಡುಕಿ ತೆಗೆಯುವುದು ಅಸಾಧ್ಯವೇನಲ್ಲ. ತಂತ್ರಾಂಶ ಪ್ರತಿ ಆಟವನ್ನೂ ಸಾಲು ಸಾಲಾಗಿ ಬರೆದಿಡುತ್ತದೆ. ಯಾವ ಚೆಂಡು ಯಾರಿಗೆ ಎಸೆದದ್ದು, ಅವನನ್ನು ಕಾಯುತ್ತಿದ್ದವನು ಯಾರು ಎಂಬುದನ್ನು ತಾಳ್ಮೆ ಇದ್ದವರು ಅದರಿಂದ ಒಂದಷ್ಟಾದರೂ ಹೆಕ್ಕಬಹುದು. ಆದರೆ ಆವೃತ್ತಿ ಬದಲಾದಾಗ ಎಷ್ಟೋ ಸಲ ಹಳೆಯ ಕಡತ ಹೊಸದರಲ್ಲಿ ತೆರೆಯುವುದಿಲ್ಲ, ಹೊಸ ಕೋಷ್ಟಕಕ್ಕೆ ಒಟ್ಟು ಮೊತ್ತ ಮಾತ್ರ ಸಾಗಿಬರುತ್ತದೆ. ಡೀಕನ್ ಜೋನ್ಸ್‌ನ 173.5 ಅರ್ಧ ಶತಮಾನದ ನಂತರವೂ ಎಣಿಕೆಗೆ ಸಿಕ್ಕಿದ್ದು ಆ ಪಂದ್ಯಗಳ ಕಾಗದಗಳನ್ನು ಯಾರೋ ಬಿಸಾಡದೆ ಇಟ್ಟಿದ್ದರಿಂದ.