ಜೆಟ್ಟಿಂಗ್: ಹಳೆಯ ಕಾರಿನ ಗಾಳಿ–ಪೆಟ್ರೋಲ್ ಲೆಕ್ಕ

ಹಳೆಯ ಕಾರಿಗೆ ಹೊಸ ಬಗೆಯ ಏರ್ ಫಿಲ್ಟರ್ ಹಾಕಿಸಿದ ಮೇಲೆ ಪಿಕಪ್ ಬಿದ್ದುಹೋದರೆ, ಅಥವಾ ಆಕ್ಸಿಲರೇಟರ್ ಒತ್ತಿದ ಕ್ಷಣ ಎಂಜಿನ್ ಮುಗ್ಗರಿಸಿದರೆ, ಬಲ್ಲವರು ‘ಜೆಟ್ಟಿಂಗ್ ನೋಡಿದ್ರಾ?’ ಎಂದು ಕೇಳುತ್ತಾರೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬೊರೇಟರ್ ಒಳಗಿನ ಜೆಟ್‌ಗಳ ಅಳತೆಯನ್ನು ಆ ಎಂಜಿನ್‌ಗೆ ಹೊಂದುವಂತೆ ಆರಿಸುವ ಕೆಲಸಕ್ಕೆ ಜೆಟ್ಟಿಂಗ್ ಎನ್ನುತ್ತಾರೆ. ಜೆಟ್ ಎಂದರೆ ನಡುವೆ ಸಣ್ಣ ರಂಧ್ರವಿರುವ ಹಿತ್ತಾಳೆಯ ಪುಟ್ಟ ಬಿಡಿಭಾಗ. ಪೆಟ್ರೋಲ್ ಎಷ್ಟು ಹರಿಯಬೇಕು ಎಂಬುದು ಆ ರಂಧ್ರದ ಅಗಲದಿಂದ ನಿರ್ಧಾರವಾಗುತ್ತದೆ.

ಇದು ಮುಖ್ಯವಾಗುವುದು ಕಾರ್ಬೊರೇಟರ್ ಕೆಲಸ ಮಾಡುವ ರೀತಿಯಿಂದ. ಎಂಜಿನ್‌ಗೆ ಹೋಗುವ ಗಾಳಿ ವೆಂಚುರಿ ಎಂಬ ಕಿರಿದಾದ ಗಂಟಲಿನ ಮೂಲಕ ಹಾಯುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಫ್ಲೋಟ್ ಬಟ್ಟಲಿನಲ್ಲಿ (ತೇಲುಬುಂಡೆಯೊಂದು ಪೆಟ್ರೋಲ್ ಮಟ್ಟ ಕಾಯುವ ಪುಟ್ಟ ತೊಟ್ಟಿ) ಇರುವ ಪೆಟ್ರೋಲ್ ಮೇಲೆ ಮಾತ್ರ ಹೊರಗಿನ ವಾತಾವರಣದ ಪೂರ್ತಿ ಒತ್ತಡ ಇರುತ್ತದೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಮೂಲಕ ಗಾಳಿಯೊಳಕ್ಕೆ ತಳ್ಳುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ರಿಚ್, ಕಡಿಮೆಯಾದರೆ ಲೀನ್. ಹಾಗಂತ ಸದಾಕಾಲ 14.7 ಇದ್ದರೆ ಸಾಕು ಎಂದೇನಿಲ್ಲ. ಪೂರ್ತಿ ಶಕ್ತಿ ಬೇಕಾದಾಗ 12.5ರಿಂದ 13ರ ಆಸುಪಾಸು ಬೇಕು. ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗ 15 ದಾಟಿದರೂ ನಡೆಯುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಬಹಳ ರಿಚ್ ಮಿಶ್ರಣ ಬೇಕು, ಚೋಕ್ ಇರುವುದೇ ಅದಕ್ಕೆ.

ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಸಿಂಪಡಿಸುವ, ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಕಾರು ತನ್ನ ಹೊಗೆಯನ್ನು ತಾನೇ ಅಳೆದು ತಿದ್ದಿಕೊಳ್ಳುತ್ತದೆ. ಸಾಮಾನ್ಯ ಕಾರ್ಬೊರೇಟರ್‌ಗೆ ಅಂಥ ಕಣ್ಣಿಲ್ಲ. ಅದಕ್ಕೆ ಗೊತ್ತಿರುವುದೆಲ್ಲ ಕಾರ್ಖಾನೆಯಲ್ಲಿ ಕೊರೆದಿಟ್ಟ ರಂಧ್ರಗಳ ಅಳತೆ. ಆ ಅಳತೆ ಆ ಎಂಜಿನ್, ಆ ಫಿಲ್ಟರ್, ಆ ಸೈಲೆನ್ಸರ್‌ಗೆ ಹೊಂದಿಸಿದ್ದು. ಇವುಗಳಲ್ಲಿ ಒಂದನ್ನು ಬದಲಾಯಿಸಿದರೂ ಲೆಕ್ಕ ತಪ್ಪಬಹುದು.

ಎಲ್ಲ ಹೊತ್ತಿಗೂ ಒಂದೇ ಜೆಟ್ ಸಾಲದು. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಂತೆ ತೆರೆದು ಗಾಳಿ ಬಿಡುವ ತಟ್ಟೆ) ಬಹುತೇಕ ಮುಚ್ಚಿರುವುದರಿಂದ ವೆಂಚುರಿಯಲ್ಲಿ ಗಾಳಿಗೆ ವೇಗವೇ ಇರುವುದಿಲ್ಲ. ಆಗ ಪೆಟ್ರೋಲ್ ಐಡಲ್ ಜೆಟ್ ದಾಟಿ, ಥ್ರಾಟಲ್ ತಟ್ಟೆಯ ಆಚೆ ಬದಿಯ ಸಣ್ಣ ತೂತಿನಿಂದ ಬರುತ್ತದೆ. ತಟ್ಟೆ ಸ್ವಲ್ಪ ತೆರೆದಂತೆ ಅದರ ಅಂಚಿನ ಪಕ್ಕದಲ್ಲಿರುವ ಇನ್ನೂ ಕೆಲವು ತೂತುಗಳು ಕೆಲಸ ಶುರು ಮಾಡುತ್ತವೆ. ನಿಧಾನದ ಓಡಾಟದ ಬಹುಪಾಲು ನಡೆಯುವುದು ಇವುಗಳ ಮೇಲೆಯೇ. ‘ಮೇನ್ ಜೆಟ್ ದೊಡ್ಡದು ಹಾಕಿದೆ, ಆದರೂ ನಿಧಾನಕ್ಕೆ ಹೋಗುವಾಗ ಎಳೆಯುತ್ತಿಲ್ಲ’ ಎಂಬ ದೂರಿಗೆ ಉತ್ತರ ಸಿಗುವುದೂ ಇಲ್ಲೇ. ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಗಾಳಿ ಕೂಡಲೇ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಅಂತರ ತುಂಬಲು ಆಕ್ಸಿಲರೇಟರ್ ಪಂಪ್ ಒಂದು ಚಿಮ್ಮು ಪೆಟ್ರೋಲ್ ಹಾಯಿಸುತ್ತದೆ.

ಥ್ರಾಟಲ್ ಇನ್ನೂ ತೆರೆದಾಗ ಮೇನ್ ಜೆಟ್ ಕೆಲಸಕ್ಕೆ ಇಳಿಯುತ್ತದೆ. ಇದನ್ನು ಹೀಗೇ ಬಿಟ್ಟರೆ ಗಾಳಿಯ ವೇಗ ಏರಿದಂತೆ ಮಿಶ್ರಣ ತಾನಾಗಿ ರಿಚ್ ಆಗುತ್ತ ಹೋಗುತ್ತದೆ. ಅದನ್ನು ತಡೆಯಲು ಏರ್ ಕರೆಕ್ಟರ್ ಎಂಬ ಇನ್ನೊಂದು ಜೆಟ್ ಮೇಲಿನಿಂದ ಗಾಳಿ ಬಿಡುತ್ತದೆ. ಆ ಗಾಳಿ ಇಮಲ್ಷನ್ ಟ್ಯೂಬ್ ಎಂಬ ತೂತು ಕೊಳವೆಯಲ್ಲಿ ಪೆಟ್ರೋಲ್ ಜೊತೆ ಬೆರೆತು ನೊರೆಯಾಗುತ್ತದೆ. ಮೇನ್ ಜೆಟ್ ಬದಲಾಯಿಸಿದರೆ ಮೇನ್ ಸರ್ಕ್ಯೂಟ್ ಪೂರ್ತಿ ರಿಚ್ ಅಥವಾ ಲೀನ್ ಕಡೆಗೆ ಸರಿಯುತ್ತದೆ. ಏರ್ ಕರೆಕ್ಟರ್‌ನ ಪ್ರಭಾವ ಕಾಣುವುದು ಮುಖ್ಯವಾಗಿ ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ಜೋರಾಗಿ ಸುತ್ತುವಾಗ), ಅದೂ ತಿರುವುಮುರುವಾಗಿ: ಏರ್ ಕರೆಕ್ಟರ್ ದೊಡ್ಡದಾದಷ್ಟೂ ಮಿಶ್ರಣ ಲೀನ್. ಇವೆರಡರ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಜೆಟ್ಟಿಂಗ್‌ನ ಅರ್ಧ ಹಾದಿ ಸವೆದಂತೆ.

ವೆಬರ್ ಕಂಪನಿಯ ಕಾರ್ಬೊರೇಟರ್‌ನ ಮೇನ್ ಜೆಟ್ ಒಂದನ್ನು ಕೈಯಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. 120 ಎಂದು ಕೆತ್ತಿದ್ದರೆ ರಂಧ್ರದ ವ್ಯಾಸ 1.20 ಮಿಲಿಮೀಟರ್. 125 ಎಂದರೆ 1.25. ವ್ಯಾಸ ಹೆಚ್ಚಿದ್ದು ಶೇ. 4ರಷ್ಟು, ಆದರೆ ರಂಧ್ರದ ವಿಸ್ತೀರ್ಣ ಹೆಚ್ಚಿದ್ದು ಶೇ. 8.5ರಷ್ಟು. ಕಣ್ಣಿಗೆ ಕಾಣದ ಈ ಒಂದು ಹೆಜ್ಜೆ ಎಂಜಿನ್ ಪಾಲಿಗೆ ದೊಡ್ಡದೇ. ಎಲ್ಲ ಕಂಪನಿಗಳ ಸಂಖ್ಯೆಯೂ ಹೀಗೆ ವ್ಯಾಸವನ್ನೇ ಹೇಳುವುದಿಲ್ಲ, ಆದ್ದರಿಂದ ಒಂದರ 120ನ್ನು ಇನ್ನೊಂದರ 120ಕ್ಕೆ ಹೋಲಿಸಬಾರದು. ಜೆಟ್ ಅನ್ನು ಡ್ರಿಲ್‌ನಿಂದ ದೊಡ್ಡದು ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹರಿವು ವ್ಯಾಸದಿಂದಷ್ಟೇ ತೀರ್ಮಾನವಾಗುವುದಿಲ್ಲ, ರಂಧ್ರದ ಬಾಯಿಯ ಆಕಾರ ಮತ್ತು ನಯವೂ ಸೇರುತ್ತವೆ. ಕೊರೆದ ಜೆಟ್ ಮೇಲಿನ ಸಂಖ್ಯೆಯಂತೂ ಆಮೇಲೆ ಬರೀ ಸುಳ್ಳು.

ಹಳೆಯ ಬ್ರಿಟಿಷ್ ಕಾರುಗಳಲ್ಲಿ ಕಾಣುವ ಎಸ್‌ಯು ಕಾರ್ಬೊರೇಟರ್‌ನ ದಾರಿ ಬೇರೆ. ಅಲ್ಲಿ ವೆಂಚುರಿಯೇ ಹಿಗ್ಗಿ ಕುಗ್ಗುತ್ತದೆ. ಪಿಸ್ಟನ್ ಒಂದು ಮೇಲೇರಿದಂತೆ ಅದಕ್ಕೆ ಸಿಕ್ಕಿಸಿದ ಚೂಪು ಸೂಜಿ ಜೆಟ್‌ನಿಂದ ಮೇಲೆ ಬಂದು ಪೆಟ್ರೋಲ್‌ಗೆ ಜಾಗ ಬಿಡುತ್ತದೆ. ಹಾಗಾಗಿ ಅಲ್ಲಿ ಬದಲಾಯಿಸುವುದು ಸಾಮಾನ್ಯವಾಗಿ ಸೂಜಿಯನ್ನು. ಪಿಸ್ಟನ್ ಏರುವ ವೇಗ ತಡೆಯುವ ಡ್ಯಾಂಪರ್‌ನಲ್ಲಿ ಎಣ್ಣೆ ಬತ್ತಿದರೆ ಪಿಸ್ಟನ್ ಬೇಗನೆ ಮೇಲೇರಿ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುತ್ತದೆ. ಸೂಜಿಗೆ ಕೈ ಹಾಕುವ ಮೊದಲು ಎಣ್ಣೆ ನೋಡಿ.

ಜೆಟ್ ಬದಲಿಸಲು ಹೊರಡುವ ಮೊದಲೂ ಇಂಥ ತಪಾಸಣೆ ಬೇಕು. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು), ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಬಳಿ ಬಿಡುವ ಸಂದು), ಫ್ಲೋಟ್ ಮಟ್ಟ ಮೂರೂ ಸರಿಯಿರಬೇಕು. ಫ್ಲೋಟ್ ಮಟ್ಟ ತಪ್ಪಿದ್ದರೆ ಯಾವ ಜೆಟ್ ಹಾಕಿದರೂ ಲೆಕ್ಕ ಕೂಡುವುದಿಲ್ಲ. ಹಳೆಯ ಕಾರ್ಬೊರೇಟರ್‌ಗಳಲ್ಲಿ ಥ್ರಾಟಲ್ ಶಾಫ್ಟ್ ಸವೆದು, ಅದರ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿರುತ್ತದೆ. ಶಾಫ್ಟ್ ಹಿಡಿದು ಅಲುಗಿಸಿದರೆ ಕೈಗೆ ಗೊತ್ತಾಗುತ್ತದೆ. ಐಡಲ್ ಏರಿಳಿಯುತ್ತಿದೆ ಎಂದು ಇಂಥ ಕಾರಿಗೆ ದೊಡ್ಡ ಜೆಟ್ ಹಾಕುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಇನ್ನೊಂದು ಆಸೆ ದೊಡ್ಡ ಕಾರ್ಬೊರೇಟರ್‌ನದು. ವೆಂಚುರಿ ಅತಿಯಾಗಿ ಅಗಲವಾದರೆ ಗಾಳಿಯ ವೇಗ ಬಿದ್ದು, ಕೆಳಗಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸರಿಯಾಗಿ ಎದ್ದೇ ಬರುವುದಿಲ್ಲ. ದಿನಬಳಕೆಯ ಕಾರಿಗೆ ಚಿಕ್ಕ ವೆಂಚುರಿಯೇ ವಾಸಿ ಎಂಬುದು ನನ್ನ ಖಚಿತ ನಿಲುವು.

ಮಿಶ್ರಣ ಹೇಗಿದೆ ಎಂದು ತಿಳಿಯಲು ಹಳಬರು ಸ್ಪಾರ್ಕ್ ಪ್ಲಗ್ ಓದುತ್ತಾರೆ. ವಾಹನಗಳಿಲ್ಲದ, ಮುಚ್ಚಿದ ನೇರ ಹಾದಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಇಗ್ನಿಷನ್ ಆಫ್ ಮಾಡಿ ಕಾರನ್ನು ನಿಲ್ಲಿಸುತ್ತಾರೆ. ಐಡಲ್‌ನಲ್ಲಿ ಬಿಟ್ಟರೆ ಪ್ಲಗ್ ಮೇಲಿನ ಗುರುತು ಬದಲಾಗುತ್ತದೆ. (ಕೀಯನ್ನು ಸ್ಟೀರಿಂಗ್ ಲಾಕ್ ಆಗುವಷ್ಟು ತಿರುಗಿಸಬಾರದು, ಎಂಜಿನ್ ನಿಂತಾಗ ಬ್ರೇಕ್ ಗಟ್ಟಿಯಾಗುವುದೂ ನೆನಪಿರಲಿ.) ತುದಿ ಕಪ್ಪು ಮಸಿಯಾಗಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್, ತಿಳಿ ಕಂದು ಬಣ್ಣವಿದ್ದರೆ ಸರಿ. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಈ ಬಣ್ಣಗಳು ಅಷ್ಟು ಢಾಳಾಗಿ ಕಾಣುವುದಿಲ್ಲ. ಹಾಗಾಗಿ ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ, ಓಡಿಸುತ್ತಲೇ ಗಾಳಿ–ಪೆಟ್ರೋಲ್ ಅನುಪಾತದ ಸಂಖ್ಯೆ ನೋಡುವುದು ಹೆಚ್ಚು ನಂಬಿಕೆಯ ದಾರಿ. ಯಾವುದೇ ವಿಧಾನವಾಗಲಿ, ಒಂದು ಸಲಕ್ಕೆ ಒಂದೇ ಜೆಟ್ ಬದಲಾಯಿಸಿ, ಬರೆದಿಟ್ಟುಕೊಳ್ಳಿ. ಅನುಮಾನವಿದ್ದಾಗ ತುಸು ರಿಚ್ ಕಡೆಯಿಂದ ಶುರು ಮಾಡಿ. ರಿಚ್ ಆದರೆ ಹೊಗೆ, ವಾಸನೆ, ಪೆಟ್ರೋಲ್ ಖರ್ಚು. ಪೂರ್ತಿ ಥ್ರಾಟಲ್‌ನಲ್ಲಿ ಲೀನ್ ಆದರೆ ಎಂಜಿನ್‌ನ ಪಿಸ್ಟನ್ನೇ ಕರಗಬಹುದು.

ಎತ್ತರದ ಜಾಗಕ್ಕೆ ಹೋದಾಗ ಗಾಳಿ ತೆಳುವಾಗಿ ಮಿಶ್ರಣ ರಿಚ್ ಆಗುತ್ತದೆ, 1,000 ಮೀಟರ್‌ಗೆ ಸುಮಾರು ಶೇ. 5ರಷ್ಟು. ನಾಲ್ಕು ದಿನದ ಪ್ರವಾಸಕ್ಕಾಗಿ ಜೆಟ್ ಬದಲಾಯಿಸಬೇಕಿಲ್ಲ, ಅಲ್ಲೇ ವಾಸವಿರುವವರು ಬದಲಾಯಿಸಬೇಕು.

ಎಥನಾಲ್ ಬೆರೆತ ಪೆಟ್ರೋಲ್ ಮಾತ್ರ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಎಥನಾಲ್ ಉರಿಯಲು ಬೇಕಾದ ಗಾಳಿ 9 ಪಾಲು ಮಾತ್ರ. ಶೇ. 10 ಎಥನಾಲ್ ಇದ್ದರೆ 14.7 ಎಂಬುದು ಸುಮಾರು 14.1ಕ್ಕೆ ಇಳಿಯುತ್ತದೆ, ಶೇ. 20 ಇದ್ದರೆ 13.5ರ ಹತ್ತಿರ ಬರುತ್ತದೆ. ಅಂದರೆ ಶೇ. 20 ಎಥನಾಲ್ ಇದ್ದಾಗ ಹಳೆಯ ಜೆಟ್‌ನಲ್ಲೇ ಓಡುವ ಕಾರು ಶೇ. 8ರಷ್ಟು ಲೀನ್ ಆಗಿರುತ್ತದೆ. 120ರಿಂದ 125ಕ್ಕೆ ಏರಿಸುವ ಹೆಜ್ಜೆ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ಪ್ರಯೋಗವನ್ನು ಅಲ್ಲಿಂದ ಆರಂಭಿಸಬಹುದು. ಜೊತೆಗೆ ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಬೇಕು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಫ್ಲೋಟ್ ಬಟ್ಟಲು ಖಾಲಿ ಮಾಡಿಡಿ. ಒಣಗಿದ ಪೆಟ್ರೋಲ್ ಬಿಡುವ ಅಂಟು ಐಡಲ್ ಜೆಟ್‌ನಂಥ ಸಣ್ಣ ರಂಧ್ರಗಳಲ್ಲೇ ಮೊದಲು ಕಟ್ಟಿಕೊಳ್ಳುತ್ತದೆ. ಅದನ್ನು ತಂತಿ ಹಾಕಿ ಚುಚ್ಚದೆ, ಕಾರ್ಬೊರೇಟರ್ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆದು ತೆಗೆಯಬೇಕು.