ಮೀನಿನ ಚಿಂತೆ ಸರಿ, ಹೂಳಿನದು?

ಉಬ್ಬರ-ಇಳಿತದಿಂದ ವಿದ್ಯುತ್ ತೆಗೆಯುವ ಯೋಜನೆ ಹಿಡಿದು ಗೋವಾದ ವಾಸ್ಕೋದಲ್ಲಿರುವ ನಮ್ಮ ಕಚೇರಿಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ: ಟರ್ಬೈನಿನ ರೆಕ್ಕೆಗೆ ಸಿಕ್ಕಿ ಮೀನು ಸಾಯುತ್ತದೆಯೇ? ಸಾಯಬಹುದು, ಕೆನಡಾದ ಅನಾಪೊಲಿಸ್ ರಾಯಲ್ ಸ್ಥಾವರ 2019ರಲ್ಲಿ ನಿಂತದ್ದರ ಹಿಂದೆ ಆ ಪ್ರಶ್ನೆಯೂ ಇತ್ತು. ಆದರೆ "ಬಲೆ ಕಟ್ಟಿಬಿಡುತ್ತೇವೆ ಸರ್, ಇನ್ನೇನು ತಕರಾರು?" ಎಂದು ಕಡತ ಮುಚ್ಚುವವರನ್ನು ಕಂಡರೆ ನನ್ನ ತಾಳ್ಮೆ ಕೆಡುತ್ತದೆ.

ಹತ್ತಾರು ಸಲ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ನೀರಿನಿಂದ ಶಕ್ತಿ ತೆಗೆದಷ್ಟೂ ಹರಿವು ಕುಗ್ಗುತ್ತದೆ. ಹರಿವು ಕುಗ್ಗಿದಲ್ಲಿ, ಅದುವರೆಗೆ ನೀರಿನೊಡನೆ ಸಾಗುತ್ತಿದ್ದ ನುಣ್ಣನೆಯ ಹೂಳು ತಳಕ್ಕಿಳಿಯುತ್ತದೆ; ಹೂಳು ಹೆಚ್ಚಾಗಿ ಕೂತಲ್ಲಿ, ನೀರು ಸೋಸಿ ಬದುಕುವ ಚಿಪ್ಪುಜೀವಿಗಳಿಗೆ ಉಸಿರುಕಟ್ಟುತ್ತದೆ. ನದಿ ಕಡಲು ಸೇರುವ ಅಳಿವೆಗೆ ಅಡ್ಡಲಾಗಿ ಗೋಡೆಯನ್ನೇ ಕಟ್ಟಿದರಂತೂ ನೀರು ಏರುವ ಮಟ್ಟ, ಇಳಿಯುವ ಹೊತ್ತು, ಉಪ್ಪಿನಂಶ ಎಲ್ಲವೂ ಬದಲಾಗುತ್ತವೆ. ಫ್ರಾನ್ಸಿನ ರಾನ್ಸ್ ಅಳಿವೆಯಲ್ಲಿ 1966ರಲ್ಲಿ ಆರಂಭವಾದ 240 ಮೆಗಾವಾಟಿನ ಸ್ಥಾವರವನ್ನು ಕಟ್ಟುವಾಗ ಸುಮಾರು ಮೂರು ವರ್ಷ ಸಮುದ್ರದ ನೀರನ್ನು ತಡೆದಿದ್ದರು. ಒಳಗಿನ ಜೀವಿಗಳು ಬಹುಪಾಲು ಅಳಿದು, ಹೊಸದೊಂದು ಸಮತೋಲನ ಮೂಡಲು ಹತ್ತು ವರ್ಷ ಬೇಕಾಯಿತು. ಹೂಳಿನ ಕಾಟ ಇಂದಿಗೂ ಇದೆ. ಒಂದು ಟರ್ಬೈನು ಇಳಿಸಿದರೆ ಇಷ್ಟೆಲ್ಲ ಆಗುತ್ತದೆಂದು ನಾನು ಹೇಳುವುದಿಲ್ಲ. ದಕ್ಷಿಣ ಕೊರಿಯದ ಸಿಹ್ವಾದಲ್ಲಿ, ಹಳೆಯ ತಡೆಗೋಡೆಯಿಂದ ಕೆಟ್ಟುಹೋಗಿದ್ದ ನೀರು 2011ರಲ್ಲಿ ಸ್ಥಾವರ ಬಂದ ಮೇಲೆ ಸುಧಾರಿಸಿದ್ದೂ ಉಂಟು. ಜಾಗ ನೋಡದೆ ಮಾತು ಕೊಡಲಾಗದು.

ಆ ನೋಡುವ ಕೆಲಸದಲ್ಲೇ ಎಡವುತ್ತಾರೆ. ಈಚೆಗೆ ಬಂದವರೊಬ್ಬರ ವರದಿಯಲ್ಲಿದ್ದ ಜುವಾರಿ ನದಿಯ ಅಳತೆಗಳೆಲ್ಲ ಡಿಸೆಂಬರಿನ ಒಂದೇ ವಾರದವು. ಮಳೆಗಾಲದ ಜುವಾರಿ, ಉಪ್ಪು ಇಳಿದು ಕೆಂಪು ಮಣ್ಣು ಹೊತ್ತು ಹರಿಯುವಾಗ, ಬೇರೆಯದೇ ನದಿ. ವಾದ ಬಿಟ್ಟು ಅವರನ್ನು ಇಳಿತದ ಹೊತ್ತಿಗೆ ಅದೇ ನದಿಯ ಚಿಕಾಲಿಮ್ ಕೊಲ್ಲಿಗೆ ಕರೆದೊಯ್ದೆ. ಷೂ ಕಳಚಿ ಇಳಿದವರ ಕಾಲು ಮೊಣಕಾಲಿನವರೆಗೆ ಹೂತಿತು. ಗಾಜು ಬರುವ ಮುಂಚೆ ಗೋವಾದ ಮನೆಗಳ ಕಿಟಕಿಗೆ ಕೂರಿಸುತ್ತಿದ್ದ, ಬೆಳಕು ಹಾಯುವ ತೆಳು ಚಿಪ್ಪಿನ ಸಿಂಪಿ ಆ ಕೆಸರಿನಲ್ಲಿ ಮಲಗಿತ್ತು. ಕಾನೂನಿನ ರಕ್ಷಣೆಯುಳ್ಳ ಜೀವಿ, ಮುಟ್ಟಬೇಡಿ ಎಂದೆ. ದೋಣಿಯಲ್ಲಿದ್ದ ಹೊನ್ನಾವರದ ಅಜ್ಜ ನಕ್ಕು, "ಮೀನಾದ್ರೆ ತಪ್ಪಿಸ್ಕಂಡು ಹೋಗ್ತದೆ ಸಾಯ್ಬ್ರೆ, ಇದಕ್ಕೆ ಓಡೂಕೆ ಕಾಲಿಲ್ಲ" ಎಂದ.

ಹಿಂದಿರುಗುವಾಗ ಅವರು ಕೆಸರು ಒರೆಸಿಕೊಳ್ಳುತ್ತ, ಜೂನಿನಿಂದ ಸೆಪ್ಟೆಂಬರಿನವರೆಗೆ ಅಳತೆ ತೆಗೆಯಲು ಖರ್ಚೆಷ್ಟಾದೀತು ಎಂದು ಕೇಳಿದರು. ಮರುದಿನವೇ ಅಂದಾಜುಪಟ್ಟಿ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.