ಹಗ್ಗವೂ ಹೊಲದಲ್ಲೇ ಬೆಳೆಯುತ್ತಿತ್ತು

ರೊಟ್ಟಿ ಇದ್ದ ಮನೆಯಲ್ಲಿ ಪುಂಡಿಪಲ್ಯ ಇರಲೇಬೇಕು ಎನ್ನುವ ನಾಡು ನಮ್ಮ ರಾಯಚೂರು, ಕೊಪ್ಪಳ. ಮುಂಗಾರಿ ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಪುಂಡಿಯ ಎಳೆ ಎಲೆ ಗಡಿಗೆಗೆ ಹೋದರೆ, ಬಲಿತ ಕಡ್ಡಿ ಹಳ್ಳದ ನೀರಿಗೆ ಬೀಳುತ್ತಿತ್ತು. ಅಲ್ಲಿ ದಿನಗಟ್ಟಲೆ ಕೊಳೆತ ಮೇಲೆ ಸಿಪ್ಪೆ ಸುಲಿದು, ಕಲ್ಲಿಗೆ ಬಡಿದು, ತೊಳೆದು ಒಣಗಿಸಿದರೆ ನಾರು. ಅದನ್ನು ಹೊಸೆದು ಎತ್ತಿಗೆ ಹಗ್ಗ, ಬಾವಿಗೆ ಹಗ್ಗ, ಮಗುವಿನ ತೊಟ್ಟಿಲಿಗೂ ಹಗ್ಗ. ನಾರು ತೆಗೆದ ಕಡ್ಡಿ ಒಲೆಗೆ.

ಒಂದೇ ಗಿಡದಿಂದ ಊಟ, ಹಗ್ಗ, ಉರುವಲು. ಆಗಿನ ಬೇಸಾಯದ ಲೆಕ್ಕವೇ ಹಾಗಿತ್ತು.

ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಹಿಂಗಾರಿ ಬಿಳಿಜೋಳವನ್ನೇ ನೋಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದರೆ, ಮಣ್ಣಿನೊಳಗಿನ ತೇವವನ್ನೇ ಕುಡಿದು ಚಳಿಗಾಲದಲ್ಲಿ ತೆನೆ ಕಟ್ಟುತ್ತದೆ. ತೆನೆ ಮನುಷ್ಯರಿಗೆ, ಕಣಿಕೆ ದನಗಳಿಗೆ. ಬದುವಿನ ಸಾಲಿಗೆ ಬಿತ್ತಿದ ಕುಸುಬಿ ತನ್ನ ಮುಳ್ಳಿನಿಂದ ದನಗಳನ್ನು ತಡೆಯುತ್ತಿತ್ತು. ಗಾಣಕ್ಕೆ ಹೋಗಿ ಎಣ್ಣೆಯಾಗುತ್ತಿತ್ತು, ಹಿಂಡಿ ಮತ್ತೆ ದನದ ಬಾಯಿಗೆ. ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರ, ಅದರ ಉಣ್ಣೆಯಿಂದ ಕಂಬಳಿ. ಹೆಚ್ಚಾದ ಜೋಳ ಹಗೇವಿಗೆ, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿಗೆ, ಇಳಿಯುತ್ತಿತ್ತು. ಹಗೇವಿನ ಬಾಯಿ ತೆರೆದ ತಕ್ಷಣ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವವೇ ಹೋಗಬಹುದು. ಮೊದಲು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ.

ಇದೆಲ್ಲ ಸುಖದ ಕಾಲವಾಗಿತ್ತು ಎಂದು ನಾನು ಹೇಳಲಾರೆ. ಮಳೆ ಕೈಕೊಟ್ಟರೆ ಹಗೇವೂ ಬರಿದು. 1876–78ರ ಭೀಕರ ಬರ ಮದ್ರಾಸ್ ಪ್ರಾಂತ್ಯದ ಬಳ್ಳಾರಿಯನ್ನು ಹಿಂಡಿ ಹಾಕಿತು; ತುಂಗಭದ್ರೆಯ ಈಚೆ, ನಿಜಾಮರ ಆಡಳಿತದಲ್ಲಿದ್ದ ನಮ್ಮ ಸೀಮೆಯನ್ನೂ ಬಿಡಲಿಲ್ಲ. ಈ ನದಿಗೆ ಅಣೆಕಟ್ಟು ಬೇಕೆಂಬ ಯೋಚನೆಯನ್ನು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದರೂ, ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಒಪ್ಪಿ ಅಡಿಗಲ್ಲು ಹಾಕಿದ್ದು 1945ರಲ್ಲಿ. 1953ರಲ್ಲಿ ಕಾಲುವೆಗೆ ನೀರು ಹರಿಯಿತು.

ಮುಂದಿನ ಕಥೆಯಲ್ಲಿ ಬಹಳ ಜನ ಮರೆಯುವ ಒಂದು ಸಂಗತಿಯಿದೆ. ಈ ಯೋಜನೆ ಹೊರಟಿದ್ದು ಬರದಿಂದ ಕಾಪಾಡಲು. ಸ್ವಲ್ಪ ನೀರನ್ನು ಹೆಚ್ಚು ನೆಲಕ್ಕೆ ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಆಸರೆಯಾಗುವುದು ಲೆಕ್ಕಾಚಾರ. ಭತ್ತಕ್ಕೆಂದು ಗುರುತಿಸಿದ್ದು ಸಣ್ಣ ಭಾಗ ಮಾತ್ರ. ಆದರೆ ನೆಲ ಸಮ ಮಾಡಿ ಮಡಿ ಕಟ್ಟಲು ಹಣ ಬೇಕು, ಅನುಭವವೂ ಬೇಕು. ಒಣಬೇಸಾಯದ ನಮ್ಮವರಲ್ಲಿ ಎರಡೂ ಕಡಿಮೆ. ಕರಾವಳಿ ಆಂಧ್ರದ ರೈತರು ಬಂದರು, ಜಮೀನು ಕೊಂಡರು, ದುಡಿದರು. ಗಂಗಾವತಿ, ಸಿಂಧನೂರು ಸುತ್ತ ‘ಕ್ಯಾಂಪ್’ ಎಂಬ ಅವರ ವಸತಿಗಳು ಎದ್ದವು, ಅಕ್ಕಿ ಗಿರಣಿಗಳು ಎದ್ದವು. ಅವರನ್ನು ನೋಡಿ ನಮ್ಮವರೂ ಭತ್ತಕ್ಕೆ ಇಳಿದರು. ಅನ್ನ ಹಬ್ಬದ ಊಟವಾಗಿದ್ದ ಮನೆಗಳಲ್ಲಿ ದಿನವೂ ಅನ್ನ ಬೇಯಿತು. ಅದನ್ನು ಸಣ್ಣ ಮಾತೆಂದು ತಳ್ಳುವವರಿಗೆ ಹಸಿವು ಗೊತ್ತಿಲ್ಲ.

ಬೆಲೆ ತೆತ್ತವರು ಕಾಲುವೆಯ ಕೊನೆಭಾಗದವರು. ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತಿದ್ದಾಗ ಮಾನ್ವಿ, ರಾಯಚೂರು ತಾಲ್ಲೂಕಿನ ರೈತರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋದಾಗ, ಎರಡು ದಡದ ಬದುಕೂ ಎಂಥ ಎಳೆಯ ಮೇಲೆ ತೂಗುತ್ತಿದೆ ಎಂಬುದು ಎಲ್ಲರಿಗೂ ಕಂಡಿತು. ಮೇಲ್ಭಾಗದಲ್ಲೂ ನೀರು ನಿಂತೂ ನಿಂತೂ ಎಷ್ಟೋ ಎರೆ ಹೊಲ ಉಪ್ಪೇರಿ ಸವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ನೆಲವನ್ನು ಸರಿಪಡಿಸುವ ಕೆಲಸದಲ್ಲಿ ತೊಡಗಿದೆ.

ಭತ್ತದ ಗದ್ದೆ ಕೊಡುವುದು ಭತ್ತ, ಹುಲ್ಲು. ಯಂತ್ರ ಕೊಯ್ದ ಮೇಲೆ ಹುಲ್ಲನ್ನೂ ಹಲವೆಡೆ ಸುಡುತ್ತಾರೆ. ಎಣ್ಣೆ, ಬೇಳೆ, ಹಗ್ಗ ಎಲ್ಲಕ್ಕೂ ಪೇಟೆಗೇ ಹೋಗಬೇಕು. ಧಾರಣೆ ಕುಸಿದ ವರ್ಷ ಮನೆಯಲ್ಲಿ ಅಕ್ಕಿ ಇದ್ದರೂ ಕೈ ಖಾಲಿ. ಮೊದಲು ಮಳೆಯೊಂದನ್ನೇ ಕಾಯುತ್ತಿದ್ದ ರೈತ ಈಗ ಜಲಾಶಯದ ಮಟ್ಟವನ್ನೂ ನೋಡಬೇಕು, ಮಾರುಕಟ್ಟೆಯನ್ನೂ ನೋಡಬೇಕು.

ಆದರೂ ಕಾಲುವೆ ಸೀಮೆಯ ಮನೆಗಳಿಂದ ರೊಟ್ಟಿ ಹೋಗಿಲ್ಲ. ಅದಕ್ಕೆ ಬೇಕಾದ ಬಿಳಿಜೋಳ ಬರುವುದು ಎರಡನೇ ಬೆಳೆಗೆ ನೀರು ಸಿಗದ ಕೊನೆಭಾಗದ ಹೊಲಗಳಿಂದ, ಕಾಲುವೆಯನ್ನೇ ಕಾಣದ ಯಲಬುರ್ಗಾದ ಎರೆಯಿಂದ. ಎಳ್ಳಮಾವಾಸ್ಯೆಗೆ ಅಲ್ಲಿ ಇಂದಿಗೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನೆಲಕ್ಕೆ ಎಡೆಯಾಗಿ ಚರಗ ಚೆಲ್ಲಿದ ಮೇಲೆಯೇ ತಾವು ಉಣ್ಣುತ್ತಾರೆ.